ಅಂಗಳದ ಬಿಸಿಲು, ಸ್ಕೂಟರಿನ ಬಿಸಿಲು: ಚರ್ಮಕ್ಕೆ ಏನು ಮಾಡುವುದು?

ನೀರ್ಚಾಲಿನವಳು

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಕಾಸರಗೋಡಿನ ಕುಂಬಳೆಯಲ್ಲಿ. ನೀರ್ಚಾಲಿನಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುವುದು. ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತೇನೆ, ಸಂಜೆ ಐದೂವರೆಗೆ ಅಲ್ಲಿಂದ ವಾಪಸ್. ನಡುವೆ ಪೂರ್ತಿ ಹೊತ್ತು ಫ್ಯಾನಿನ ಕೆಳಗೆ. ಆದರೂ ಕೈ ಎರಡು ಬಣ್ಣ ಆಗಿದೆ. ವಾಚು ಬಿಚ್ಚಿದರೆ ಅಲ್ಲೊಂದು ಬಿಳಿ ಪಟ್ಟಿ. ಅದು ಹೋಗಲಿ, ಎರಡೂ ಕೆನ್ನೆಯ ಮೇಲೆ ಬಂಗು ಶುರುವಾಗಿದೆ. ಅದೇ ಬೇಜಾರು.

ಶನಿವಾರ, ಭಾನುವಾರ ಮನೆಯಲ್ಲಿ ಸುಮ್ನೆ ಕೂರುವ ಹಾಗಿಲ್ಲ. ಅಂಗಳದಲ್ಲಿ ಅಡಿಕೆ ಇದೆ, ಮಗುಚಬೇಕು. ಹಲಸಿನಕಾಯಿ ಹಪ್ಪಳ ಶುರುವಾದರೆ ಅದೂ ಸೇರಿತು. ಅಮ್ಮ ಹೇಳುವುದು ಲಿಂಬೆಹುಳಿ ಹಿಂಡಿ ಮುಖಕ್ಕೆ ತಿಕ್ಕು ಅಂತ. ಗೆಳತಿಯೊಬ್ಬಳು ಗಲ್ಫಿನಿಂದ ಬಂದ ಒಂದು ಕ್ರೀಮು ಕೊಟ್ಟಿದ್ದಾಳೆ, ವಾರದಲ್ಲಿ ಬೆಳ್ಳಗಾಗುತ್ತದಂತೆ. ಡಬ್ಬಿಯಲ್ಲಿ ಚಿನ್ನದ ಬಣ್ಣದ ಒಂದು ಹೂವಿನ ಚಿತ್ರ ಬಿಟ್ಟರೆ ಓದಲು ಏನೂ ಇಲ್ಲ. ಇನ್ನೂ ತೆರೆದಿಲ್ಲ.

ನನಗೆ ಬಿಳಿ ಆಗಬೇಕೆಂದಿಲ್ಲ. ಇದ್ದ ಚರ್ಮ ಹಾಳಾಗದಿದ್ದರೆ ಸಾಕು. ದಿನನಿತ್ಯ ಮಾಡಲು ಆಗುವಂಥದ್ದು ಏನಾದರೂ ಹೇಳಿ. ಹತ್ತು ಬಾಟಲಿಯ ಲಿಸ್ಟು ಕೊಡಬೇಡಿ, ದಯವಿಟ್ಟು.

ಅಂಗಳದ ಮಾವ

ಮಗಳೇ, ನಮ್ಮ ಕಾಲದಲ್ಲಿ ಕ್ರೀಮು ಎಲ್ಲಿತ್ತು? ಸ್ನಾನಕ್ಕೆ ಮೊದಲು ತೆಂಗಿನೆಣ್ಣೆ, ತೋಟಕ್ಕೆ ಹೋಗುವಾಗ ತಲೆಗೆ ಅಡಿಕೆ ಹಾಳೆ ಟೊಪ್ಪಿ. ಗದ್ದೆಗೆ ಇಳಿಯುವ ಹೆಂಗಸರು ಎಲೆಯಿಂದ ಹೆಣೆದ ಗೊರಬು ಹಾಕುತ್ತಿದ್ದರು. ಮಳೆಗೂ ಅದೇ, ಬಿಸಿಲಿಗೂ ಅದೇ. ನನಗೀಗ ಎಪ್ಪತ್ತು ದಾಟಿತು. ಕಪ್ಪಗಿದ್ದೇನೆ, ಗಟ್ಟಿಯಾಗಿದ್ದೇನೆ. ನಮ್ಮ ಚರ್ಮಕ್ಕೆ ಬಿಸಿಲು ಏನೂ ಮಾಡುವುದಿಲ್ಲ. ಇದೆಲ್ಲ ಬಿಳಿಯರ ಕಾಯಿಲೆ.

ಆ ಡಬ್ಬಿ ಮಾತ್ರ ತೆರೆಯಬೇಡ. ಅಷ್ಟು ನನಗೂ ಗೊತ್ತು.

ಮದ್ದಿನಂಗಡಿ ಅಕ್ಕ

ನಾನು ಇರುವುದೂ ಕುಂಬಳೆ ಕಡೆಯೇ, ಮದ್ದಿನಂಗಡಿಯ ಕೌಂಟರಿನ ಹಿಂದೆ. ಫಾರ್ಮಸಿಸ್ಟ್, ಡಾಕ್ಟರಲ್ಲ. ಬೇಸಿಗೆ ಬಂದರೆ ಈ ಪ್ರಶ್ನೆ ದಿನಾ ಬರುತ್ತದೆ. ಅಲ್ಲಿ ನಿಂತು ಇಷ್ಟು ಹೇಳಲು ಪುರುಸೊತ್ತು ಸಿಗುವುದಿಲ್ಲ. ಇಲ್ಲಿ ಬರೆಯುತ್ತೇನೆ, ಉದ್ದ ಆಗಬಹುದು.

ತಂಗಿ, ಮೊದಲು ನಿಮ್ಮ ದಾರಿ ನೋಡುವ. ಬೆಳಿಗ್ಗೆ ನೀರ್ಚಾಲಿನಿಂದ ಸೀತಾಂಗೋಳಿ ದಾಟಿ ಕುಂಬಳೆಗೆ ಬರುವುದೆಂದರೆ ಹೆಚ್ಚುಕಡಿಮೆ ಪಶ್ಚಿಮಕ್ಕೆ. ಆಗ ಸೂರ್ಯ ನಿಮ್ಮ ಬೆನ್ನಿಗೆ. ಸಂಜೆ ಪೂರ್ವಕ್ಕೆ ಹೋಗುತ್ತೀರಿ, ಆಗಲೂ ಬೆನ್ನಿಗೇ. ಅಂದರೆ ಸ್ಕೂಟರಿನಲ್ಲಿ ನಿಮಗೆ ನೇರ ಬಿಸಿಲು ತಾಗುವುದು ಕತ್ತಿನ ಹಿಂಬದಿಗೆ, ತೋಳಿಗೆ, ಹ್ಯಾಂಡಲ್ ಹಿಡಿದ ಕೈಯ ಮೇಲ್ಭಾಗಕ್ಕೆ. ಸಂಜೆ ಐದೂವರೆಯ ಬಿಸಿಲಿನಲ್ಲಿ ಖಾರವೂ ಅಷ್ಟಿಲ್ಲ. ಹಾಗಾಗಿ ಕೆನ್ನೆಯ ಬಂಗಿಗೆ ಸ್ಕೂಟರನ್ನು ದೂರುವುದಕ್ಕಿಂತ ಶನಿವಾರ, ಭಾನುವಾರದ ಅಂಗಳವನ್ನು ಸಂಶಯಿಸುವುದು ಮೇಲು. ಬಗ್ಗಿ ಅಡಿಕೆ ಮಗುಚುವ ಹೊತ್ತು ಯಾವುದು? ಹನ್ನೊಂದು, ಹನ್ನೆರಡು ಆದರೆ ಅಲ್ಲೇ ಇದೆ ವಿಷಯ.

ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕಾಸರಗೋಡು ಇರುವುದು 75ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:30ಕ್ಕೆ. ಅದರ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ, ಇಷ್ಟು ಹೊತ್ತು ಬಿಸಿಲಿನ ಯುವಿ ಕಿರಣ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಅತಿ ಜಾಸ್ತಿ. ಏಪ್ರಿಲ್ 23ರ ಸುಮಾರಿಗೆ ನಮ್ಮಲ್ಲಿ ಮಧ್ಯಾಹ್ನ ಒಂದು ಕೋಲು ನೆಟ್ಟರೆ ನೆರಳೇ ಬೀಳುವುದಿಲ್ಲ. ಆಗಸ್ಟ್ 20ರ ಸುಮಾರಿಗೂ ಹಾಗೆಯೇ, ಆಗ ಮೋಡ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ ಅಷ್ಟೇ. ಗಡಿಯಾರ ಇಲ್ಲದಿದ್ದರೆ ನಿಮ್ಮ ನೆರಳು ನೋಡಿ. ನಿಮಗಿಂತ ಗಿಡ್ಡ ಇದ್ದರೆ ಮುಚ್ಚಿಕೊಳ್ಳಬೇಕು, ಇಲ್ಲವೇ ಒಳಗೆ ಬರಬೇಕು.

ಯುವಿ ಮತ್ತು ಸೆಖೆ ಎರಡೂ ಒಂದೇ ಎಂದು ಜನ ತಿಳಿದಿದ್ದಾರೆ. ಅಲ್ಲ. ಬೇಕಲದ ಕಡಲ ಬದಿಯಲ್ಲಿ ಗಾಳಿ ತಂಪಾಗಿರುತ್ತದೆ, ಆದರೆ ಮರಳಿನಿಂದಲೂ ಕಿರಣ ಚಿಮ್ಮಿ ಮುಖಕ್ಕೆ ಬರುತ್ತದೆ. ಮಡಿಕೇರಿಗೆ ಹೋದರೆ ಚಳಿ, ಆದರೆ 1000 ಮೀಟರ್ ಮೇಲೆ ಹೋದ ಹಾಗೆ ಯುವಿ ಸುಮಾರು ನೂರಕ್ಕೆ ಹತ್ತರಷ್ಟು ಏರುತ್ತದೆ. ತೆಳು ಮೋಡವೂ ಹೆಚ್ಚಿನ ಪಾಲನ್ನು ಬಿಟ್ಟುಕೊಡುತ್ತದೆ. ಬೆವರು ಬಂತಾ ಇಲ್ಲವಾ ಎಂದು ನೋಡಿ ಇದನ್ನು ಅಳೆಯಲು ಆಗುವುದಿಲ್ಲ. ಅಳೆಯುವುದಕ್ಕೇ ಯುವಿ ಸೂಚ್ಯಂಕ ಇರುವುದು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದನ್ನು ಪ್ರಕಟಿಸುತ್ತದೆ, ನಮ್ಮ ಜಿಲ್ಲೆಯ ಮೀಟರ್ ಉದುಮದಲ್ಲಿದೆ. 6-7 ಬಂದರೆ ಹಳದಿ, 8ರಿಂದ 10 ಕಿತ್ತಳೆ, 11 ಮುಟ್ಟಿದರೆ ಕೆಂಪು. ಬೇಸಿಗೆಯಲ್ಲಿ ಕೂಲಿ ಕೆಲಸದವರಿಗೆ 12ರಿಂದ 3ರವರೆಗೆ ಬಿಸಿಲಿನ ಕೆಲಸ ನಿಲ್ಲಿಸಿ ಎಂದು ಇಲ್ಲಿನ ಕಾರ್ಮಿಕ ಇಲಾಖೆ ಆದೇಶ ಕೊಡುವುದುಂಟು. ಕೂಲಿಯವರಿಗೆ ಇರುವ ಆ ಕಾನೂನು ಮನೆಯ ಹೆಣ್ಣುಮಕ್ಕಳಿಗೆ ಯಾಕಿಲ್ಲ ಅಂತ ನನಗೆ ಅನಿಸುವುದುಂಟು. ಅಡಿಕೆ ಮಗುಚುವುದನ್ನು ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾಡಿದರೆ ಚಾಲಿ (ಒಣಗಿಸಿದ ಅಡಿಕೆ) ಏನೂ ಕೆಡುವುದಿಲ್ಲ. ಅಡಿಕೆಗೆ ಬಿಸಿಲು ಬೇಕು, ನಿಮಗೆ ಬೇಡ.

ಆಮೇಲೆ ಬಟ್ಟೆ. ಇಲ್ಲಿ ಕ್ರೀಮಿಗಿಂತ ಬಟ್ಟೆ ಮುಂದೆ, ಇದು ನನ್ನ ಗಟ್ಟಿ ಅಭಿಪ್ರಾಯ. ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ನೋಡಿ. ನೈಟಿಯ ಮೇಲೆ ಗಂಡನ ಹಳೇ ತುಂಬು ತೋಳಿನ ಅಂಗಿ, ಗುಂಡಿ ಪೂರ್ತಿ ಹಾಕಿ, ತಲೆಗೆ ಬೈರಾಸು (ಟವಲು). ಕಾಲರ್ ಎತ್ತಿ ಕತ್ತಿನ ಹಿಂಬದಿ ಮುಚ್ಚಿರುತ್ತಾರೆ. ತೋಳಿನ ತುದಿ ಮಣಿಕಟ್ಟು ದಾಟಿ ಬೆರಳ ಗೆಣ್ಣಿನವರೆಗೆ ಇಳಿದಿರುತ್ತದೆ. ಆ ಅಂಗಿ ಮಾಡುವ ಕೆಲಸವನ್ನು ನಮ್ಮ ಅಂಗಡಿಯ ಯಾವ ಟ್ಯೂಬೂ ಮಾಡುವುದಿಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂದೂ ಇಲ್ಲ. ಆದರೆ ಬಟ್ಟೆ ಯಾವುದಾದರೂ ಆದೀತು ಎಂದಲ್ಲ. ಬೆಳಕಿಗೆ ಹಿಡಿದು ನೋಡಿ. ಎಳೆಯ ನಡುವೆ ಬೆಳಕು ಚುಕ್ಕೆ ಚುಕ್ಕೆಯಾಗಿ ಕಂಡರೆ ಕಿರಣವೂ ಹಾಗೆಯೇ ಬರುತ್ತದೆ. ತೆಳ್ಳಗಿನ ಬಿಳಿ ಹತ್ತಿ, ಅದರಲ್ಲೂ ಬೆವರಿಗೆ ಒದ್ದೆಯಾಗಿದ್ದರೆ, ತಡೆಯುವುದು ಕಡಿಮೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಒಳ್ಳೆಯದು. ಸೆಖೆ ಆಗುತ್ತದೆ, ನಿಜ. ಅದಕ್ಕೇ ಸಡಿಲ ಅಂಗಿ ಹಾಕಿ.

ಮಾವ ಹೇಳಿದ ಹಾಳೆ ಟೊಪ್ಪಿ ತಲೆಗೆ ಒಳ್ಳೆಯದು. ಆದರೆ ಅದಕ್ಕೆ ಅಂಚಿಲ್ಲ. ಮೂಗು, ಕಿವಿ, ಕತ್ತು ಎಲ್ಲ ಹೊರಗೆ. ಗೊರಬು ಬೆನ್ನನ್ನೂ ಮುಚ್ಚುತ್ತಿತ್ತು, ಅದು ಬುದ್ಧಿವಂತರ ವಸ್ತು. ಈಗ ಸುತ್ತಲೂ ನಾಲ್ಕು ಬೆರಳು ಅಗಲ ಅಂಚಿರುವ ಟೊಪ್ಪಿ ಸಾಕು. ಬಸ್ಸಿಗೆ ಕಾಯುವವರಿಗೆ ಕಪ್ಪು ಕೊಡೆ. ಮಳೆಗಾಲ ಮುಗಿದ ಕೂಡಲೇ ಕೊಡೆಯನ್ನು ಅಟ್ಟಕ್ಕೆ ಹಾಕುವವರು ನಾವು!

ಇನ್ನು ಸನ್‌ಸ್ಕ್ರೀನ್. ಬಟ್ಟೆ ಮುಚ್ಚದೆ ಉಳಿದ ಜಾಗಕ್ಕೆ ಮಾತ್ರ: ಮುಖ, ಕಿವಿ, ಕತ್ತು, ಕೈಯ ಮೇಲ್ಭಾಗ. ಎಸ್‌ಪಿಎಫ್ 30 ಇದ್ದರೆ ಯುವಿಬಿ, ಅಂದರೆ ಚರ್ಮ ಸುಡುವ ಜಾತಿಯ ಯುವಿ ಕಿರಣದಲ್ಲಿ ಸುಮಾರು ನೂರಕ್ಕೆ 97 ಪಾಲು ನಿಲ್ಲುತ್ತದೆ, 50 ಇದ್ದರೆ 98. ವ್ಯತ್ಯಾಸ ಅಷ್ಟೇ. ಅದಕ್ಕಿಂತ ಮುಖ್ಯ, ಎಷ್ಟು ಹಚ್ಚುತ್ತೀರಿ ಎಂಬುದು. ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಆ ನಂಬರ್ ಕೊಡುತ್ತಾರೆ. ನಾವು ಹಚ್ಚುವುದು ಅದರ ಅರ್ಧವೂ ಇಲ್ಲ. ಕಡಲೆ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಎಳೆದರೆ ಡಬ್ಬಿಯ ನಂಬರ್ ಡಬ್ಬಿಯಲ್ಲೇ ಉಳಿಯುತ್ತದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದು, ಅಷ್ಟನ್ನೂ ಮುಖ ಮತ್ತು ಕತ್ತಿಗೆ ಹಚ್ಚಿ. ಹೊರಡುವ ಕಾಲು ಗಂಟೆ ಮೊದಲು.

ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ. ಚರ್ಮದ ಆಳಕ್ಕೆ ಇಳಿದು ಸುಕ್ಕು, ಕಲೆ ತರುವುದು ಯುವಿಎ. ಅದಕ್ಕೆ ಪಿಎ+++ ಅಥವಾ ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದಿರಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಐರನ್ ಆಕ್ಸೈಡ್ ಸೇರಿಸಿದ, ಸ್ವಲ್ಪ ಬಣ್ಣವಿರುವ ಸನ್‌ಸ್ಕ್ರೀನ್ ನಿಮಗೆ ಜಾಸ್ತಿ ಪ್ರಯೋಜನ. ಒಂದು ವಿಷಯ: ಟ್ಯೂಬನ್ನು ಸ್ಕೂಟರಿನ ಸೀಟಿನ ಕೆಳಗೆ ಇಡಬೇಡಿ. ಆ ಕಾವಿಗೆ ಅದು ನೀರು ನೀರಾಗಿ ಒಡೆಯುತ್ತದೆ, ಆಮೇಲೆ ನಂಬುವ ಹಾಗಿಲ್ಲ.

ಲಿಂಬೆ ಬೇಡವೇ ಬೇಡ. ಲಿಂಬೆಯ ರಸ ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅಮ್ಮನಿಗೆ ಶರಬತ್ತು ಮಾಡಿಕೊಡಿ.

ಆ ಡಬ್ಬಿ. ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇಲ್ಲದ ಕ್ರೀಮು ವಾರದಲ್ಲಿ ಬೆಳ್ಳಗೆ ಮಾಡುತ್ತದೆ ಎಂದರೆ ಅದರಲ್ಲಿ ಪಾದರಸವೋ ಸ್ಟೀರಾಯ್ಡೋ ಇರುವ ಸಾಧ್ಯತೆ ಜಾಸ್ತಿ. 2023ರಲ್ಲಿ ಮಲಪ್ಪುರಂನಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂದು ಹೆಸರಿಟ್ಟು ಅಂಗಡಿಗಳನ್ನು ತಪಾಸಣೆ ಮಾಡಿತು. ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲೇ ಚೀಟಿ ಇಲ್ಲದೆ ಮಾರಬಾರದ ಮದ್ದಿನ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಕೌಂಟರಿಗೆ ಬಂದು ಹೆಸರು ಹೇಳಿ ಕೇಳುತ್ತಾರೆ, ಕೊಡದಿದ್ದರೆ ಸಿಟ್ಟು. ಅದನ್ನು ಹಚ್ಚಿದರೆ ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಅಂಗಳಕ್ಕೆ ಕಾಲಿಟ್ಟರೆ ಸಾಕು ಕೆಂಪಾಗಿ ಉರಿಯುತ್ತದೆ. ಬಂಗು ಗುಣ ಮಾಡಬೇಕಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕೆ ಹಾರ್ಮೋನು, ಬಸಿರು, ಮನೆತನ ಹೀಗೆ ಬೇರೆ ಕಾರಣವೂ ಇರುತ್ತದೆ. ಬಿಸಿಲು ಬಿಡದೆ ಯಾವ ಮದ್ದು ಹಚ್ಚಿದರೂ ಅದು ವಾಪಸ್ ಬರುತ್ತದೆ.

ಮಾವನಿಗೆ ಒಂದು ಮಾತು. ನಮ್ಮ ಕಪ್ಪು ಬಣ್ಣ ನಮಗೆ ರಕ್ಷಣೆ ಹೌದು. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಏನೂ ಆಗುವುದಿಲ್ಲ ಎಂದಲ್ಲ. ಅಡಿಕೆ ಮುಚ್ಚುವ ಟಾರ್ಪಾಲು ನಾಲ್ಕು ಬೇಸಿಗೆ ಕಂಡ ಮೇಲೆ ಮುಟ್ಟಿದರೆ ಪುಡಿಯಾಗಿ ಉದುರುತ್ತದಲ್ಲ, ಅದು ಮಾಡುವುದು ಇದೇ ಕಿರಣ. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಅಡ್ಡ, ಉದ್ದ ಗೆರೆ ಬಿದ್ದವರನ್ನು ನಮ್ಮ ತೋಟಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು. ಒಂದೇ ಮನುಷ್ಯನ ಹೊಟ್ಟೆಯ ಚರ್ಮ ನೋಡಿ, ಮುಂಗೈಯ ಚರ್ಮ ನೋಡಿ. ಎರಡಕ್ಕೂ ವಯಸ್ಸು ಒಂದೇ, ಅಲ್ವಾ?

ಮಂಜೇಶ್ವರದ ಮಾಷ್ಟ್ರು

ಅಕ್ಕನ ಸ್ಕೂಟರಿನ ಲೆಕ್ಕ ಓದಿ ನನ್ನ ಬಸ್ಸಿಗೂ ಹಾಕಿ ನೋಡಿದೆ. ಬೆಳಿಗ್ಗೆ ಕಾಸರಗೋಡಿಗೆ, ಅಂದರೆ ದಕ್ಷಿಣಕ್ಕೆ. ಸೂರ್ಯ ಎಡಗಡೆ. ಸಂಜೆ ವಾಪಸ್ ಉತ್ತರಕ್ಕೆ, ಸೂರ್ಯ ಪಶ್ಚಿಮದಲ್ಲಿ, ಮತ್ತೆ ಎಡಗಡೆಯೇ! ಎರಡೂ ಹೊತ್ತು ಬಸ್ಸಿನ ಬಲಗಡೆ ಕುಳಿತರೆ ಕೆಲಸ ಮುಗಿಯಿತು. ಸೀಟು ಸಿಗಬೇಕಷ್ಟೆ. ಎಡಗಡೆಯ ಶಟರ್ ಎಳೆಯುವ ಎಂದರೆ ಸೆಖೆ, ಬಿಡುವ ಎಂದರೆ ಬಿಸಿಲು. ಹೆದ್ದಾರಿ 66 ಅಗಲ ಮಾಡುವಾಗ ದಾರಿಬದಿಯ ಮರಗಳೂ ಹೋದವು, ಈಗ ಬಸ್ಸಿಗೆ ಕಾಯುವಲ್ಲಿ ನೆರಳೂ ಇಲ್ಲ.

ಕಾರಿನವರು ಗಾಜು ಏರಿಸಿ ಎಸಿ ಹಾಕಿದರೆ ಬಚಾವ್ ಎಂದು ತಿಳಿಯುತ್ತಾರೆ. ಗಾಜು ಯುವಿಬಿ ತಡೆಯುತ್ತದೆ, ಆದರೆ ಬದಿಯ ಕಿಟಕಿಯ ಸಾಮಾನ್ಯ ಗಾಜಿನಲ್ಲಿ ಯುವಿಎ ಬಹಳಷ್ಟು ಒಳಗೆ ಬರುತ್ತದೆ. ಮುಂದಿನ ಗಾಜು ಎರಡು ಪದರ ಅಂಟಿಸಿದ್ದು, ಅದು ವಾಸಿ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಲಾರಿ ಡ್ರೈವರನ ಫೋಟೋ ಬಂದಿತ್ತು. 28 ವರ್ಷ ಲಾರಿ ಓಡಿಸಿದವ. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಮುಖದ ಎಡ ಅರ್ಧ ಬಲ ಅರ್ಧಕ್ಕಿಂತ ಎಷ್ಟೋ ವರ್ಷ ಮುದಿಯಾಗಿತ್ತು, ಸುಕ್ಕು ಮಡಿಕೆ ಮಡಿಕೆ. ಪಾಠ ಮಾಡುವಾಗ ಮಕ್ಕಳಿಗೆ ಅದನ್ನು ತೋರಿಸಿದ್ದೆ. ಕೂಡಲೇ ಒಬ್ಬ ಎದ್ದು, ನಮ್ಮ ಅಪ್ಪನ ಬಲಗೈ ಜಾಸ್ತಿ ಕಪ್ಪು ಸರ್, ಅವರು ರಿಕ್ಷಾ ಓಡಿಸುವುದು ಎಂದ!

ಗೇರುಗುಡ್ಡೆ

ಕೈಯಲ್ಲಿ ಕಪ್ಪು ಕಲೆ ಕಂಡರೆ ಎಲ್ಲದಕ್ಕೂ ಬಿಸಿಲು ಕಾರಣ ಅಲ್ಲ. ಗೇರುಬೀಜ ಹೆಕ್ಕಿ, ಹಣ್ಣಿನಿಂದ ತಿರುಚಿ ತೆಗೆದು, ಹಸಿ ಬೀಜ ಒಡೆದವರಿಗೆ ಗೊತ್ತು. ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಸುಟ್ಟು ಸುಲಿಯುತ್ತದೆ, ಆಮೇಲೆ ಕಪ್ಪು. ನಾವು ಬೀಜ ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚುತ್ತೇವೆ. ಆ ಕೆಲಸಕ್ಕೆ ತೆಂಗಿನೆಣ್ಣೆ ಒಳ್ಳೆಯದೇ. ಬಿಸಿಲಿಗೂ ಆಗುತ್ತದಾ ಅಕ್ಕ?

ನೀರ್ಚಾಲಿನವಳು

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ಕಸಕ್ಕೆ ಹೋಯಿತು. ಗೆಳತಿಗೆ ಈ ಪುಟದ ಲಿಂಕ್ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ. ಅಡಿಕೆ ಮಗುಚುವುದು ಹನ್ನೊಂದರ ನಂತರವೇ ಅಕ್ಕ, ಸರಿಯಾಗಿ ಹಿಡಿದಿರಿ. ಬೆಳಿಗ್ಗೆ ಅಡುಗೆ ಮುಗಿಯುವಾಗ ಅಷ್ಟು ಹೊತ್ತಾಗುತ್ತದೆ. ಇನ್ನು ಅದನ್ನು ಸಂಜೆಗೆ ಹಾಕುತ್ತೇನೆ.

ಇನ್ನೂ ಕೆಲವು ಸಂಶಯ. ಇಷ್ಟೆಲ್ಲ ಮುಚ್ಚಿಕೊಂಡರೆ ವಿಟಮಿನ್ ಡಿ ಕಡಿಮೆ ಆಗುವುದಿಲ್ಲವಾ? ಕ್ರೀಮು ಹಚ್ಚಿ ಹೆಲ್ಮೆಟ್ ಹಾಕಿದರೆ ಬೆವರಿನ ಜತೆ ಕಣ್ಣಿಗೆ ಇಳಿದು ಉರಿಯುತ್ತದೆ, ಅದಕ್ಕೇನು? ಅಮ್ಮನಿಗೆ ಇತ್ತೀಚೆಗೆ ಸ್ವಲ್ಪ ಬಿಸಿಲಿಗೆ ಹೋದರೂ ಮುಂಗೈ ಕೆಂಪಾಗಿ ತುರಿಸುತ್ತದೆ, ಮೊದಲು ಹೀಗಿರಲಿಲ್ಲ. ಬಿಪಿ ಮಾತ್ರೆ ಬಿಟ್ಟರೆ ಬೇರೆ ಮದ್ದಿಲ್ಲ. ಹಪ್ಪಳ ಒಣಗುವಾಗ ಕಾಗೆ ಓಡಿಸಲು ಟೆರೇಸಿನಲ್ಲಿ ಕೂರುವುದೂ ಅವರೇ.

ಮದ್ದಿನಂಗಡಿ ಅಕ್ಕ

ಅಮ್ಮನದು ಮೊದಲು. ಬಿಪಿ ಮಾತ್ರೆಯ ಚೀಟಿಯಲ್ಲಿ ‘ಹೈಡ್ರೋಕ್ಲೋರೋಥಯಾಜೈಡ್’ ಎಂದು ಇದೆಯಾ ನೋಡಿ. ಬಹಳ ಸಲ ಬೇರೆ ಮದ್ದಿನ ಜತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ, ಹೆಸರಿನ ಕೊನೆಗೆ ‘ಎಚ್’ ಇರುವುದುಂಟು. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡಬಲ್ಲದು. ಹಾಗೆಂದು ಮಾತ್ರೆ ನೀವೇ ನಿಲ್ಲಿಸಬೇಡಿ, ಬಿಪಿ ಏರಿದರೆ ದೊಡ್ಡ ಕಷ್ಟ. ಬರೆದುಕೊಟ್ಟ ಡಾಕ್ಟರಿಗೆ ಮುಂಗೈ ತೋರಿಸಿ ಕೇಳಿ, ಬದಲಿ ಮದ್ದು ಇದೆ.

ಇದೇ ಗುಣ ಇರುವ ಇನ್ನೊಂದು ಮದ್ದು ನಮ್ಮಲ್ಲಿ ಎಲ್ಲರ ಮನೆಗೂ ಬಂದಿರುತ್ತದೆ, ಡಾಕ್ಸಿಸೈಕ್ಲಿನ್. ಮಳೆಗಾಲದಲ್ಲಿ ಇಲಿಜ್ವರ ಬಾರದ ಹಾಗೆ ಕೆಸರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಡುತ್ತಾರಲ್ಲ, ಅದೇ. ಉದ್ಯೋಗ ಖಾತ್ರಿಯವರು ತೋಡು ಸ್ವಚ್ಛ ಮಾಡಿ ಬಂದ ಮೇಲೆ ಕೈ ಸುಟ್ಟಿತು ಎಂದು ತೋರಿಸುವುದುಂಟು. ಮಾತ್ರೆ ತಪ್ಪಿಸಬಾರದು, ಇಲಿಜ್ವರ ಜೀವ ತೆಗೆಯುತ್ತದೆ. ಆ ದಿನಗಳಲ್ಲಿ ತೋಳು ಮುಚ್ಚಿ ಕೆಲಸ ಮಾಡಬೇಕು, ಅಷ್ಟೇ.

ಹಪ್ಪಳಕ್ಕೆ ಕಾಗೆಯೇ ತೊಂದರೆ ಎಂದಾದರೆ ಮೇಲೊಂದು ಹಳೇ ಸೊಳ್ಳೆಪರದೆ ಬಿಗಿದು ಬಿಡಿ, ಅಮ್ಮ ಒಳಗೆ ಬರಲಿ. ಕೂರಲೇಬೇಕೆಂದರೆ ಮಾಡಿನ ಕೆಳಗೆ. ನೆರಳಲ್ಲೂ ಆಕಾಶದಿಂದ ಚದುರಿದ ಕಿರಣ ಬರುತ್ತದೆ, ಆದ್ದರಿಂದ ನೆರಳಿಗೂ ತುಂಬು ತೋಳು ಇರಲಿ.

ವಿಟಮಿನ್ ಡಿಗೆ ಹೆದರಬೇಡಿ. ಹಿತ್ತಿಲಿಗೆ, ಹಟ್ಟಿಗೆ, ಅಂಗಡಿಗೆ ಓಡಾಡುವಾಗ ತಾಗುವ ಬಿಸಿಲೇ ಅನೇಕರಿಗೆ ಸಾಕಾಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದವರಲ್ಲೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಕಡಿಮೆ ಇದೆ ಎಂದು ರಕ್ತಪರೀಕ್ಷೆಯಲ್ಲಿ ಬಂದರೆ ಮದ್ದು ಇದೆ. ಅದಕ್ಕಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಮುಖ ಒಡ್ಡಿ ಕೂರುವುದು ಬೇಡ.

ಕಣ್ಣು ಉರಿಯುವುದಕ್ಕೆ: ಹಣೆಗೆ ಮತ್ತು ಕಣ್ಣಿನ ಸುತ್ತ ಜಿಂಕ್ ಆಕ್ಸೈಡ್ ಇರುವುದನ್ನು ಹಚ್ಚಿ. ಸ್ವಲ್ಪ ಬಿಳಿ ಬಿಳಿ ಕಾಣುತ್ತದೆ, ಆದರೆ ಉರಿ ಕಡಿಮೆ. ಸ್ಕೂಟರಿನಲ್ಲಿ ಕೈಗೆ ಬಟ್ಟೆಯ ಗ್ಲೌಸ್, ಕತ್ತಿನ ಹಿಂದೆ ಶಾಲು. ಇಷ್ಟಾದರೆ ಕ್ರೀಮಿನ ಖರ್ಚೂ ಅರ್ಧ ಆಗುತ್ತದೆ. ಅಂಗಡಿಯವಳೇ ಹೀಗೆ ಹೇಳುತ್ತೇನೆ ನೋಡಿ.

ಗೇರುಗುಡ್ಡೆಯವರೇ, ತೆಂಗಿನೆಣ್ಣೆ ಚರ್ಮ ಒಣಗದ ಹಾಗೆ ನೋಡಿಕೊಳ್ಳುತ್ತದೆ. ಬಿಸಿಲಿಗೆ ಅದನ್ನು ನಂಬಿ ಹೊರಡುವಷ್ಟು ಶಕ್ತಿ ಅದರಲ್ಲಿಲ್ಲ.

ಅಂಗಳದ ಮಾವ

ಹಾಳೆ ಟೊಪ್ಪಿಯ ಕೆಳಗೆ ಬೈರಾಸು ಹಾಕಿ ಹಿಂದಕ್ಕೆ ಇಳಿಬಿಟ್ಟೆ. ಕಿವಿಯೂ ಮುಚ್ಚಿತು, ಕತ್ತೂ ಮುಚ್ಚಿತು. ಮನೆಯವಳು ನೋಡಿ ನಗುತ್ತಾಳೆ, ನಗಲಿ.

ಅಲ್ಲ, ನೀವು ಕಿವಿ, ಮೂಗು ಎಂದೆಲ್ಲ ಹೇಳಿದಿರಿ. ತುಟಿಗೂ ಬಿಸಿಲು ತಾಗುತ್ತದಾ? ನನ್ನ ಕೆಳತುಟಿ ಯಾವಾಗಲೂ ಸಿಪ್ಪೆ ಏಳುತ್ತದೆ. ಒಂದು ಕಡೆ ಸಣ್ಣ ಗಾಯ, ಹಬ್ಬಕ್ಕೆ ಮೊದಲಿಂದ ಇದೆ. ನೋವಿಲ್ಲ. ಎಲೆ ಅಡಿಕೆ ತಿನ್ನುವವ ನಾನು, ಸುಣ್ಣ ಜಾಸ್ತಿ ಆಗಿ ಎಂದು ತಿಳಿದೆ.

ಮದ್ದಿನಂಗಡಿ ಅಕ್ಕ

ಯಾವ ಹಬ್ಬ ಮಾವ? ವಿಷುವಾ?

ಅಂಗಳದ ಮಾವ

ಶಿವರಾತ್ರಿ.

ಮದ್ದಿನಂಗಡಿ ಅಕ್ಕ

ಹಾಗಾದರೆ ಈ ವಾರವೇ ಹೋಗಿ ತೋರಿಸಿ. ಕೆಳತುಟಿ ಮೇಲಿನ ಬಿಸಿಲಿಗೆ ನೇರ ಒಡ್ಡಿಕೊಂಡಿರುತ್ತದೆ, ಅಲ್ಲಿ ಬಣ್ಣದ ರಕ್ಷಣೆಯೂ ಕಡಿಮೆ. ಅದರ ಮೇಲೆ ಎಲೆ ಅಡಿಕೆ, ಹೊಗೆಸೊಪ್ಪು ಇದ್ದರೆ ಇನ್ನೂ ಜಾಗ್ರತೆ ಬೇಕು. ಬಾಯಿಯ, ತುಟಿಯ ಯಾವ ಗಾಯವೂ ಮೂರು ವಾರದಲ್ಲಿ ಮಾಯದಿದ್ದರೆ ನೋವಿಲ್ಲದಿದ್ದರೂ ಪರೀಕ್ಷೆ ಆಗಬೇಕು. ಹಲ್ಲಿನ ಡಾಕ್ಟರಾದರೂ ಆದೀತು, ಅವರು ಮೊದಲು ನೋಡಿ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಅಲ್ಲಿವರೆಗೆ ಎಲೆ ಅಡಿಕೆ ಬೇಡ, ತುಟಿಗೆ ಯಾವ ಮುಲಾಮೂ ಬೇಡ. ಶಿವರಾತ್ರಿಯಿಂದ ಇದೆ ಎಂದು ಮರೆಯದೆ ಹೇಳಿ. ಮನೆಯವರನ್ನೂ ಜತೆಗೆ ಕರೆದುಕೊಂಡು ಹೋಗಿ, ನೀವೊಬ್ಬರೇ ಹೋದರೆ ಅದನ್ನು ಹೇಳದೆ ಬರುತ್ತೀರಿ.